ಮೇ ಹೂವಿನ ಗಡ್ಡೆಯಲ್ಲಿ ಎಲೆ ಮಾತ್ರ, ಹೂವಿಲ್ಲ: ಇದು ಮೂರನೆಯ ಮೇ ತಿಂಗಳು

ನೀರ್ಚಾಲಿನ ಹಿತ್ತಿಲು (ಮೇ 6)

ಬಿಸು ಹಬ್ಬ ಕಳೆದು ಮೂರು ವಾರವಾಯಿತು. ಹಬ್ಬದ ಬೆಳಗ್ಗೆ ಮೊದಲು ನೋಡುವ ಕಣಿಗೆ ಕೊಯ್ದ ಕೊನ್ನೆ (ಕಕ್ಕೆ) ಮರದಲ್ಲಿ ಈಗ ಉಳಿದಿರುವುದು ತುದಿಯ ನಾಲ್ಕು ಗೊಂಚಲು. ಸುರಗಿಯದು ಎಂದೋ ಮುಗಿಯಿತು. ಮಲ್ಲಿಗೆ ದಿನವೂ ದೇವರಿಗೂ ತಲೆಗೂ ಸಾಲುವಷ್ಟು ಸಿಗುತ್ತಿತ್ತು, ಆದಿತ್ಯವಾರ ರಾತ್ರಿಯ ಗುಡುಗು ಮಳೆಗೆ ಮೊಗ್ಗೆಲ್ಲ ಕೆಂಪಡರಿ ಉದುರಿತು. ಅದಕ್ಕೆ ಬೇಸರವಿಲ್ಲ. ಈ ಮಳೆಯನ್ನು ನಾನು ಕಾಯುತ್ತಿದ್ದದ್ದೇ ಬೇರೆ ಹೂವಿಗಾಗಿ.

ಮೇ ಹೂವು ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನೆಲದೊಳಗೆ ನೀರುಳ್ಳಿಯಂತಹ ಗಡ್ಡೆ, ಮೊದಲ ಮಳೆ ಬಿದ್ದ ವಾರದೊಳಗೆ ಎಲೆಗೂ ಕಾಯದೆ ನೆಲ ಒಡೆದು ಬರುವ ದಂಟು, ತುದಿಯಲ್ಲಿ ಕೆಂಪು ಚೆಂಡು. ಆದೂರಿನ ತವರುಮನೆಯಲ್ಲಿ ಇದು ತುಳಸಿಕಟ್ಟೆಯ ಪಕ್ಕದಲ್ಲಿ, ಮುರಕಲ್ಲಿನ ದರೆಯ ಬುಡದಲ್ಲಿ ಸಾಲಾಗಿ ಇತ್ತು. ಸಣ್ಣವಳಿದ್ದಾಗ ಒಂದು ವರ್ಷ ಇಪ್ಪತ್ತೇಳು ಎಣಿಸಿದ್ದೇನೆ. ಮೊದಲ ದಿನ ಅದು ಬಣ್ಣದಲ್ಲಿ ಅದ್ದಿದ ಕುಂಚದ ಹಾಗೆ ಬಿಗಿಯಾಗಿರುತ್ತದೆ. ಎರಡನೆಯ ದಿನ ಮೇಲಿನ ಸಿಪ್ಪೆ ಹಿಂದಕ್ಕೆ ಬೀಳುತ್ತದೆ. ಮೂರನೆಯ ದಿನ ಬೆಳಗ್ಗೆ ಬಾಗಿಲು ತೆರೆದರೆ ಚೆಂಡು. ಹತ್ತಿರ ಹೋಗಿ ನೋಡಿದರೆ ಅದು ಒಂದು ಹೂವಲ್ಲ, ನೂರಾರು ಪುಟ್ಟ ಹೂವುಗಳು. ಒಂದೊಂದಕ್ಕೂ ಆರು ಸಪೂರ ಎಸಳು, ಆರು ಕೇಸರ, ಕೇಸರದ ತುದಿಗೆ ಅರಸಿನ ಮೆತ್ತಿದ ಹಾಗೆ ಹುಡಿ. ದಂಟಿನ ಬುಡದಲ್ಲಿ ಹಾವಿನ ಮೈಯಂತಹ ಚುಕ್ಕೆ. ಆ ಚುಕ್ಕೆಯ ಭಯಕ್ಕೆ ನಾವು ಮಕ್ಕಳು ಮುಟ್ಟುತ್ತಿರಲಿಲ್ಲ, ಬಗ್ಗಿ ಕುಳಿತು ನೋಡುತ್ತಿದ್ದೆವು ಅಷ್ಟೇ.

ಮೂರು ವರ್ಷದ ಹಿಂದೆ ತವರಿನಲ್ಲಿ ಆಸ್ತಿ ಪಾಲಾಯಿತು. ಮನೆ ತಮ್ಮನಿಗೆ ಬಂತು. ಅವನು ಅಂಗಳಕ್ಕೆ ಇಂಟರ್‌ಲಾಕ್ ಹಾಸುವವನಿದ್ದ. ಹಾಸುವ ಮೊದಲು ಹೋಗಿ ಹದಿನಾಲ್ಕು ಗಡ್ಡೆ ಕಿತ್ತು ತಂದೆ, ಒಂದೊಂದೂ ಮುಷ್ಟಿಯಷ್ಟು ದಪ್ಪ. ಹನ್ನೆರಡನ್ನು ನಮ್ಮ ಮನೆಯ ಹಿಂದೆ, ತೋಟ ಶುರುವಾಗುವ ಅಂಚಿನಲ್ಲಿ ನೆಟ್ಟೆ. ಬುಡಕ್ಕೆ ಸೆಗಣಿ ಗೊಬ್ಬರ, ಬೂದಿ ಎಲ್ಲ ಹಾಕಿದ್ದೇನೆ. ಎರಡನ್ನು ಪಕ್ಕದ ಮನೆಯ ಟೀಚರಿಗೆ ಕೊಟ್ಟೆ.

ನಮ್ಮಲ್ಲಿ ಮೂರು ವರ್ಷವೂ ಎಲೆ ಬಂದಿದೆ, ಹೂವು ಒಂದೂ ಬಂದಿಲ್ಲ. ಟೀಚರಿಗೆ ಗಿಡಗಳ ಮೇಲೆ ಅಂತಹ ಪ್ರೀತಿಯೇನೂ ಇಲ್ಲ. ಪೈಂಟಿನ ಹಳೆಯ ಬಕೆಟಿನಲ್ಲಿ ಊರಿ ಸನ್‌ಶೇಡಿನ ಕೆಳಗೆ ಇಟ್ಟಿದ್ದಾರೆ. ಕಳೆದ ವರ್ಷ ಒಂದು ಹೂವು ಬಿಟ್ಟಿತು, ಈ ಬಾರಿ ಎರಡೂ ಗಡ್ಡೆಯಲ್ಲಿ ದಂಟು ಎದ್ದಿದೆ. ನಿನ್ನೆ ಸಂಜೆ ಕರೆದು ತೋರಿಸಿದರು. ನಾನು ಚೆನ್ನಾಗಿದೆ ಎಂದು ಹೇಳಿ ಬಂದೆ. ಇದನ್ನು ಬರೆಯುತ್ತಿರುವುದು ಆ ಉರಿಯಲ್ಲಿ ಎಂದು ಒಪ್ಪಿಕೊಳ್ಳುತ್ತೇನೆ.

ಅಮ್ಮನನ್ನು ಕೇಳಿದೆ. "ನಾನು ಅದಕ್ಕೆ ಏನು ಮಾಡಿದ್ದೇನೆ? ಅದು ತನ್ನಷ್ಟಕ್ಕೆ ಆಗುತ್ತಿತ್ತು" ಎಂದಳು. ಇದರಿಂದ ಏನು ತಿಳಿಯುವುದು? ಗೊತ್ತಿದ್ದವರು ಹೇಳಿ.

ಉಪ್ಪಳ ಗೇಟು (ಮೇ 6)

ಮೇ ಫ್ಲವರನ್ನು ಮನೆಯ ಹತ್ತಿರ ನೆಟ್ಟದ್ದೇ ತಪ್ಪು. ಬೇರು ಮೇಲುಮೇಲೆ ಹರಡುತ್ತದೆ, ಗೋಡೆಯ ಪಾಯ ಎತ್ತುತ್ತದೆ, ಮಳೆಗಾಲದ ಗಾಳಿಗೆ ಕೊಂಬೆ ಮುರಿದು ಹಂಚಿನ ಮೇಲೆ ಬೀಳುತ್ತದೆ. ಬೀಜದಿಂದ ಬಂದ ಮರ ಹೂ ಬಿಡಲು ಐದು ವರ್ಷವಾದರೂ ಬೇಕು. ಮೂರು ವರ್ಷಕ್ಕೇ ಆಸೆ ಪಟ್ಟರೆ ಹೇಗೆ?

ನೀರ್ಚಾಲಿನ ಹಿತ್ತಿಲು (ಮೇ 6)

ನೀವು ಹೇಳುತ್ತಿರುವುದು ಗುಲ್‌ಮೊಹರ್. ನಾನು ಗಡ್ಡೆ ಎಂದು ಬರೆದಿದ್ದೇನೆ. ಗುಲ್‌ಮೊಹರಿನಲ್ಲಿ ಗಡ್ಡೆ ಆಗಿದ್ದರೆ ದಯವಿಟ್ಟು ಫೋಟೋ ಹಾಕಿ.

ಉಪ್ಪಳ ಗೇಟು (ಮೇ 6)

ತಪ್ಪಾಯಿತು. ನಮ್ಮಲ್ಲಿ ಮೇ ಫ್ಲವರ್ ಎಂದರೆ ರಸ್ತೆ ಬದಿಯ ಮರ. ನಿಮ್ಮದನ್ನು ಇಲ್ಲಿ ಬಾಲ್ ಲಿಲ್ಲಿ ಎನ್ನುತ್ತಾರೆ. ಒಂದೇ ತಿಂಗಳಲ್ಲಿ ಎರಡೂ ಕೆಂಪಾಗಿ ಬಿಟ್ಟರೆ ಹೆಸರು ಹಂಚಿಕೊಳ್ಳದೆ ಏನು ಮಾಡುತ್ತವೆ?

ಕುಂಬಳೆಯ ಹೊಯ್ಗೆ (ಮೇ 7)

ತೋಟದ ಅಂಚು ಎಂದಿರಿ. ಅಡಿಕೆ ತೋಟವೇ? ಸ್ಪ್ರಿಂಕ್ಲರ್ ಇದೆಯೇ? ಇದ್ದರೆ ಉತ್ತರ ಅಲ್ಲಿಯೇ ಇದೆ. ಈ ಗಡ್ಡೆ ಬೇಸಗೆಯಲ್ಲಿ ಒಣಗಿ ಮಲಗಬೇಕು. ಮಲಗಿದ್ದರೆ ತಾನೇ ಮಳೆ ಬಂದಾಗ ಏಳುವುದು? ಡಿಸೆಂಬರಿನಿಂದ ಮೇ ತನಕ ನೀರು ಬೀಳುತ್ತಲೇ ಇದ್ದರೆ ಅದಕ್ಕೆ ಮಳೆ ಬಂದದ್ದೇ ತಿಳಿಯುವುದಿಲ್ಲ.

ನಮ್ಮದು ಕಡಲ ಬದಿಯ ಹೊಯ್ಗೆ ಮಣ್ಣು. ಬೇಸಗೆಯಲ್ಲಿ ಆ ಕಡೆಗೆ ಒಂದು ತಂಬಿಗೆ ನೀರೂ ಹೋಗುವುದಿಲ್ಲ, ಬಾವಿಯ ನೀರಿಗೆ ಉಪ್ಪಿನ ರುಚಿ ಬರುವ ಹೊತ್ತು ಅದು. ಮೊದಲ ಮಳೆಯ ಆರನೆಯ ದಿನಕ್ಕೆ ಹೂವು. ಟೀಚರ ಬಕೆಟಿಗೂ ಹೀಗೆಯೇ ನೀರು ಬೀಳದಿರಬಹುದು, ಕೇಳಿ ನೋಡಿ.

ನೀರ್ಚಾಲಿನ ಹಿತ್ತಿಲು (ಮೇ 7)

ಕೇಳಿ ಬಂದೆ. ನೀವು ಹೇಳಿದ್ದು ಹೌದು. ಮಾರ್ಚಿನಲ್ಲಿ ಅವರ ಬಾವಿ ತಳ ಕಾಣುತ್ತದೆ, ಕುಡಿಯುವುದಕ್ಕೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ನಮ್ಮ ಸುರಂಗದ ನೀರನ್ನೇ ಪೈಪಿನಲ್ಲಿ ಬಿಡುತ್ತೇವೆ. ಬಕೆಟಿಗೆ ನೀರು ಹಾಕಿಲ್ಲ ಎಂದು ಅವರಿಗೇ ಸಂಕೋಚ.

ನಮ್ಮಲ್ಲಿ ಸ್ಪ್ರಿಂಕ್ಲರ್ ಇದೆ. ಕೊನೆಯ ಜೆಟ್ಟಿನ ನೀರು ಆ ಸಾಲಿನ ಮೇಲೆಯೇ ಬೀಳುತ್ತದೆ. ನೀರಿನ ಅನುಕೂಲವಿರಲಿ ಎಂದು ನಾನೇ ಆರಿಸಿದ ಜಾಗ ಅದು.

ಪೆರ್ಲದ ತೋಟ (ಮೇ 7)

ಅಷ್ಟು ಬೇಗ ತೀರ್ಮಾನ ಮಾಡಬೇಡಿ. ನನ್ನ ಮೇ ಹೂವುಗಳು ಅಡಿಕೆ ಮರಗಳ ನಡುವೆಯೇ ಇವೆ, ಕಾಳುಮೆಣಸಿನ ಬಳ್ಳಿಯ ಬುಡದಲ್ಲಿ. ನಾಲ್ಕು ದಿನಕ್ಕೊಮ್ಮೆ ನೀರು ಬೀಳುತ್ತದೆ. ಆದರೂ ಹೂವು ಬಿಡುತ್ತವೆ. ಒಣಗಿದ ಜಾಗದಲ್ಲಿ ಎಲ್ಲವೂ ಒಂದೇ ವಾರದಲ್ಲಿ ಬಿಟ್ಟು ಮುಗಿಸುತ್ತವೆ, ನನ್ನಲ್ಲಿ ಏಪ್ರಿಲ್ ಕೊನೆಯಿಂದ ಜೂನ್ ತನಕ ಒಂದೊಂದಾಗಿ ಬಿಡುತ್ತವೆ. ವ್ಯತ್ಯಾಸ ಅಷ್ಟೇ.

ನನ್ನಲ್ಲಿ ಹೂವು ನಿಂತದ್ದು ಒಂದೇ ವರ್ಷ. ಅದರ ಹಿಂದಿನ ಜುಲೈಯಲ್ಲಿ ಕಂಬಳಿಹುಳದಂತಹ ಒಂದು ಹುಳ ಬಂತು. ರೋಮ ಹೆಚ್ಚಿಲ್ಲ, ಕಪ್ಪು ಮೈ, ಮೇಲೆ ಬಿಳಿ ಮತ್ತು ಕೆಂಪು ಚುಕ್ಕೆ, ನೋಡಲು ಯಕ್ಷಗಾನದ ವೇಷ ಕಟ್ಟಿದ ಹಾಗಿತ್ತು. ಮೂರು ರಾತ್ರಿಯಲ್ಲಿ ಎಲ್ಲ ಎಲೆಗಳನ್ನೂ ನರ ಬಿಡದೆ ತಿಂದು ಮುಗಿಸಿತು. ಮುಂದಿನ ಮೇಯಲ್ಲಿ ಇಪ್ಪತ್ತಕ್ಕೆ ಎರಡು ಹೂವು. ನಿಮ್ಮಲ್ಲಿ ಆ ಹುಳ ಇದೆಯೇ ನೋಡಿ.

ಕೃಷಿಭವನದ ಹಳಬ (ಮೇ 8)

ಪೆರ್ಲದವರು ಹುಳದ ಕಥೆ ಹೇಳುತ್ತಾ ಅರ್ಧ ಉತ್ತರ ಕೊಟ್ಟಿದ್ದಾರೆ. ಉಳಿದ ಅರ್ಧಕ್ಕೆ ನಾನೊಂದು ಪ್ರಶ್ನೆ ಕೇಳಬೇಕು.

ಮೊದಲು ಗಡ್ಡೆಯ ಸ್ವಭಾವ. ಇದು ನಮ್ಮ ಮಣ್ಣಿನದಲ್ಲ, ಆಫ್ರಿಕಾದಿಂದ ಬಂದದ್ದು. ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಉದ್ದಗಲ ಬೆಳೆಯುತ್ತದೆ. ಸಸ್ಯಶಾಸ್ತ್ರದಲ್ಲಿ ಹೆಸರು ಸ್ಕಾಡೋಕ್ಸಸ್ ಮಲ್ಟಿಫ್ಲೋರಸ್. ಹಳೆಯ ಪುಸ್ತಕಗಳಲ್ಲಿ ಹೇಮಾಂಥಸ್ ಎಂದಿರುತ್ತದೆ, ಅಂದರೆ ರಕ್ತಪುಷ್ಪ. 1976ರಲ್ಲಿ ಅದನ್ನು ಆ ಕುಲದಿಂದ ಬೇರೆ ಮಾಡಿದರು. ಒಣಗಾಲದಲ್ಲಿ ಮಲಗಿ ಮಳೆಯ ಆರಂಭದಲ್ಲಿ ಏಳುವುದು ಅದರ ತವರಿನ ಅಭ್ಯಾಸ. ಆರು ತಿಂಗಳು ಮಳೆ, ಆರು ತಿಂಗಳು ಒಣಗುವ ನಮ್ಮ ಊರು ಅದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದ್ದರಿಂದ ಕುಂಬಳೆಯವರು ಹೇಳಿದ್ದು ಸುಳ್ಳಲ್ಲ.

ಆದರೆ ಮಳೆ ಅದನ್ನು ಎಬ್ಬಿಸುತ್ತದೆ ಅಷ್ಟೇ. ಈ ಮೇಯಲ್ಲಿ ನೀವು ನೋಡುವ ಹೂವು ತಯಾರಾಗಿರುವುದು ಕಳೆದ ಮಳೆಗಾಲದ ಎಲೆಯ ದುಡಿಮೆಯಿಂದ. ಜೂನಿನಿಂದ ಆ ಅಗಲ ಎಲೆ ಬಿಸಿಲು ಕುಡಿದು ಗಡ್ಡೆಗೆ ಪಿಷ್ಟ ಇಳಿಸುತ್ತದೆ. ಕೊನೆಗೆ ತಾನು ಹಳದಿಯಾಗುತ್ತಾ ಉಳಿದ ಸತ್ವವನ್ನೂ ಕೆಳಗೆ ಕೊಟ್ಟು ಒಣಗುತ್ತದೆ. ಆ ಹಣ ಜಮೆಯಾಗದಿದ್ದರೆ ಗಡ್ಡೆ ಮುಂದಿನ ವರ್ಷ ಎಲೆಯ ಖರ್ಚಿಗೆ ಮಾತ್ರ ಸಾಕಾಗುತ್ತದೆ, ಹೂವಿಗೆ ಉಳಿಯುವುದಿಲ್ಲ.

ಈಗ ಪ್ರಶ್ನೆ. ನಿಮ್ಮ ಗಿಡದ ಎಲೆ ಯಾವ ತಿಂಗಳಲ್ಲಿ ಹಳದಿಯಾಗುತ್ತದೆ?

ನೀರ್ಚಾಲಿನ ಹಿತ್ತಿಲು (ಮೇ 8)

ಹಳದಿಯಾದದ್ದನ್ನು ನೋಡಿದ ನೆನಪೇ ಇಲ್ಲ.

ಇದನ್ನು ಬರೆದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಅಕ್ಟೋಬರಿನಲ್ಲಿ, ದೀಪಾವಳಿಯ ಮೊದಲು, ಇವರು ತೋಟದ ಹುಲ್ಲು ತೆಗೆಸುತ್ತಾರೆ. ಅಡಿಕೆ ಕೊಯ್ಲಿಗೆ ನೆಲ ಚೊಕ್ಕ ಬೇಕಲ್ಲ, ಬಿದ್ದ ಅಡಿಕೆ ಕಾಣಬೇಕು. ಮೊದಲು ಕತ್ತಿಯಲ್ಲಿ ಮಾಡುತ್ತಿದ್ದ ಕೆಲಸ, ಈಗ ಹೆಗಲಿಗೆ ತೂಗುಹಾಕುವ ಯಂತ್ರ. ಒಂದೇ ಬೆಳಗ್ಗೆ ಎಲ್ಲವೂ ನುಣ್ಣಗೆ. ಮೇ ಹೂವಿನ ಎಲೆ ಆಗ ಹಸಿರೇ ಇರುತ್ತದೆ, ಮೊಣಕಾಲಿನ ಎತ್ತರಕ್ಕೆ. ಕಡಿದ ದಿನ ಬಾಳೆಯ ಕಂದು ಕಡಿದಾಗಿನ ಹಾಗೆ ಬುಡದಲ್ಲಿ ನೀರು ಒಸರುತ್ತಿದ್ದದ್ದು ನೆನಪಿದೆ. ಮಳೆಗಾಲ ಮುಗಿಯಿತಲ್ಲ, ಇನ್ನು ಅದರ ಎಲೆಯಿಂದ ಏನು ಎಂದು ನಾನೂ ಬಿಟ್ಟುಬಿಟ್ಟೆ.

ಮೂರು ವರ್ಷ. ಮೂರು ಅಕ್ಟೋಬರ್.

ಕೃಷಿಭವನದ ಹಳಬ (ಮೇ 8)

ಅದೇ. ಪೆರ್ಲದಲ್ಲಿ ಹುಳ ಮಾಡಿದ್ದನ್ನು ನಿಮ್ಮಲ್ಲಿ ಯಂತ್ರ ಮಾಡಿದೆ. ಜೊತೆಗೆ ಕಿತ್ತು ನೆಟ್ಟದ್ದೂ ಒಂದು ಕಾರಣ. ಈ ಗಡ್ಡೆಯ ಬೇರು ತುಂಡಾದರೆ ಅದು ಸುಲಭದಲ್ಲಿ ಕ್ಷಮಿಸುವುದಿಲ್ಲ, ಮೊದಲ ವರ್ಷ ಹೂವು ಬಿಡದೆ ಇರುವುದು ಸಾಮಾನ್ಯ. ನಿಮ್ಮ ಟೀಚರಲ್ಲೂ ಮೊದಲ ವರ್ಷ ಬಿಡಲಿಲ್ಲ ಅಲ್ಲವೇ? ಮತ್ತೆರಡು ವರ್ಷದ ಲೆಕ್ಕ ಎಲೆಯದು.

ಇನ್ನೊಂದು: ಸಂಶಯವಾಯಿತೆಂದು ಈಗ ಹೋಗಿ ಎಲ್ಲವನ್ನೂ ಅಗೆಯಬೇಡಿ. ಬೇಕಿದ್ದರೆ ಒಂದು ಗಡ್ಡೆಯ ಬದಿಯ ಮಣ್ಣನ್ನು ಕೈಯಲ್ಲೇ ಸರಿಸಿ ನೋಡಿ. ಗಡ್ಡೆಯ ಕತ್ತು ನೆಲದ ಮಟ್ಟಕ್ಕೆ ಇರಬೇಕು.

ಕುಂಬಳೆಯ ಹೊಯ್ಗೆ (ಮೇ 9)

ನಾನು ನೀರಿನ ಮಾತು ಹಿಂದೆ ತೆಗೆದುಕೊಳ್ಳುವುದಿಲ್ಲ, ಆ ಜೆಟ್ಟನ್ನು ಆಚೆ ತಿರುಗಿಸಿ. ಎಲೆ ಉಳಿದರೂ ಬೇಸಗೆಯಲ್ಲಿ ಒದ್ದೆ ಮಣ್ಣಿನಲ್ಲಿ ಗಡ್ಡೆ ಕೊಳೆಯುವುದನ್ನು ಕಣ್ಣಾರೆ ಕಂಡಿದ್ದೇನೆ.

ವಿಷಯದ ಹೊರಗಿನ ಒಂದು ಮಾತು, ಕ್ಷಮಿಸಿ: ನಮ್ಮ ಹಲಸಿನ ಮರದ ಕವಲಿನಲ್ಲಿ ಸೀತಾಳೆ ದಂಡೆ ಎಂಬ ಆರ್ಕಿಡ್ ಹೂವು ಈ ವಾರ ಬಿಟ್ಟಿದೆ, ಆರು ದಂಡೆ. ನೋಡಿದಷ್ಟೂ ಸಾಲದು. ಇದಕ್ಕೆ ಯಾರೂ ನೀರು ಹಾಕುವುದಿಲ್ಲ, ಯಂತ್ರವೂ ಅಷ್ಟು ಎತ್ತರಕ್ಕೆ ಹೋಗುವುದಿಲ್ಲ.

ಪೆರ್ಲದ ತೋಟ (ಮೇ 9)

ಹುಳದ ಮಾತು ಮರೆಯಬೇಡಿ. ಜೂನ್ ಕೊನೆಯಿಂದ ಸಂಜೆ ಹೊತ್ತು ಎಲೆಯ ಅಡಿ ಮಗುಚಿ ನೋಡುತ್ತಿರಿ. ಚಿಕ್ಕದಿರುವಾಗ ಗುಂಪಾಗಿ ಒಂದೇ ಎಲೆಯಲ್ಲಿ ಇರುತ್ತವೆ, ಆ ಎಲೆಯೊಂದನ್ನು ತೆಗೆದು ಹಾಕಿದರೆ ಕೆಲಸ ಮುಗಿಯಿತು. ದೊಡ್ಡದಾಗಿ ಚದುರಿದ ಮೇಲೆ ಹಿಡಿಯುವುದು ಕಷ್ಟ. ಮದ್ದು ಹೊಡೆಯುವ ಅಗತ್ಯ ನನಗೆ ಬರಲಿಲ್ಲ, ಚಿಮಟವೇ ಸಾಕಾಯಿತು.

ನೀರ್ಚಾಲಿನ ಹಿತ್ತಿಲು (ಮೇ 19)

ಹತ್ತು ದಿನ ಈ ಕಡೆ ಬರಲಾಗಲಿಲ್ಲ, ಹಪ್ಪಳದ ಕೆಲಸ. ಹಲಸಿನಕಾಯಿಗೂ ಮಳೆಗೂ ನಡುವೆ ಸಿಗುವ ಬಿಸಿಲು ಯಾರಿಗೂ ಕಾಯುವುದಿಲ್ಲ.

ಹಳಬರು ಹೇಳಿದ ಹಾಗೆ ಒಂದರ ಬದಿಯ ಮಣ್ಣು ಸರಿಸಿ ನೋಡಿದೆ. ನಿಜ ಹೇಳುತ್ತೇನೆ, ಒಂದರಲ್ಲಿ ನಿಲ್ಲಲಿಲ್ಲ, ನಾಲ್ಕನ್ನು ನೋಡಿದೆ. ಕತ್ತು ನಾಲ್ಕು ಬೆರಳು ಆಳದಲ್ಲಿತ್ತು. ಮುಷ್ಟಿಯಷ್ಟಿದ್ದ ಗಡ್ಡೆ ಈಗ ನಿಂಬೆಹಣ್ಣಿನಷ್ಟು. ಸುತ್ತ ಮರಿಗಡ್ಡೆಗಳು, ಸಾಂಬಾರಿನ ಸಣ್ಣ ನೀರುಳ್ಳಿಯ ಗಾತ್ರದವು, ಒಂದಕ್ಕೊಂದು ಒತ್ತಿಕೊಂಡು. ನಾಲ್ಕನೆಯದನ್ನು ಮುಟ್ಟಿದಾಗ ಬೆರಳು ಒಳಗೆ ಹೋಯಿತು, ಕೊಳೆತ ವಾಸನೆ. ಕುಂಬಳೆಯವರೇ, ಆ ಒಂದು ನಿಮ್ಮ ಲೆಕ್ಕಕ್ಕೆ.

ಮಣ್ಣು ಮುಟ್ಟಿದ ಕೈ ಆಮೇಲೆ ಸ್ವಲ್ಪ ತುರಿಸಿತು. ಇದು ಈ ಗಡ್ಡೆಯದೇ ಗುಣವೇ?

ಕೃಷಿಭವನದ ಹಳಬ (ಮೇ 19)

ಗಡ್ಡೆಯ ರಸ ಕೆಲವರಿಗೆ ತುರಿಕೆ ತರುತ್ತದೆ. ತುರಿಕೆಗಿಂತ ದೊಡ್ಡ ವಿಷಯ ಹೊಟ್ಟೆಗೆ ಹೋಗಬಾರದು ಎನ್ನುವುದು. ಈ ಗಡ್ಡೆಯಲ್ಲಿ ಲೈಕೋರಿನ್ ಎಂಬ ವಿಷವಿದೆ. ಆಫ್ರಿಕಾದ ಕೆಲವು ಕಡೆ ಇದನ್ನು ಬಾಣಕ್ಕೆ ಸವರುವ ವಿಷದಲ್ಲಿ, ಮೀನಿಗೆ ಅಮಲು ಬರಿಸುವುದಕ್ಕೆ ಬಳಸುತ್ತಿದ್ದರು. ಮರಿಗಡ್ಡೆಗಳನ್ನು ಅಡುಗೆಮನೆಯ ನೀರುಳ್ಳಿಯ ಹತ್ತಿರ ಇಡಬೇಡಿ. ಎಲೆಯೂ ಹಾಗೆಯೇ, ಆಡು ದನಗಳಿಗೆ ಹಾಕಬಾರದು.

ಈಗಾಗಲೇ ಅರ್ಧ ಅಗೆದಿದ್ದೀರಿ, ಇನ್ನು ಬೇಡ ಎನ್ನುವುದರಲ್ಲಿ ಅರ್ಥವಿಲ್ಲ. ದೊಡ್ಡವನ್ನು ಕತ್ತು ಮೇಲೆ ಬರುವ ಹಾಗೆ ಕೂರಿಸಿ. ಮರಿಗಡ್ಡೆ ಮೂರ್ನಾಲ್ಕು ವರ್ಷ ತೆಗೆದುಕೊಳ್ಳಬಹುದು.

ನೀರ್ಚಾಲಿನ ಹಿತ್ತಿಲು (ಮೇ 25)

ನಿನ್ನೆ ಪತ್ತನಾಜೆ, ತುಳುವಿನ ಬೇಶ ತಿಂಗಳ ಹತ್ತನೆಯ ದಿನ, ಮುಗಿಯಿತು. ಮಳೆ ಹೊಯ್ಯುತ್ತಿದೆ, ಕರೆಂಟು ಹೋಗಿ ಈಗಷ್ಟೇ ಬಂತು.

ಕೊಳೆತದ್ದನ್ನು ಬಿಟ್ಟು ಹನ್ನೊಂದು ಉಳಿದವು. ಐದನ್ನು ಕೊಟ್ಟಿಗೆಯ ಸೂರಿನ ಕೆಳಗಿನ ದರೆಗೆ ಸಾಗಿಸಿದೆ. ಬೇಸಗೆಯಲ್ಲಿ ಅಲ್ಲಿಗೆ ನೀರು ಮುಟ್ಟುವುದಿಲ್ಲ, ಬೆಳಗ್ಗಿನ ಬಿಸಿಲು ಬೀಳುತ್ತದೆ. ಆರು ಮೊದಲಿನ ಜಾಗದಲ್ಲೇ ಇವೆ, ಕತ್ತು ಮೇಲೆ ಮಾಡಿ ಕೂರಿಸಿದ್ದೇನೆ. ಯಾವ ಕಡೆಯವು ಮೊದಲು ಬಿಡುತ್ತವೆ ಎಂದು ನೋಡಬೇಕೆಂಬ ಹಟ. ಇವರು ಏನೂ ಮಾತನಾಡದೆ ಅಡಿಕೆ ಸಲಾಕೆ ಸೀಳಿ ಆ ಆರರ ಸುತ್ತ ಬೇಲಿ ಹಾಕಿಕೊಟ್ಟರು. ಯಂತ್ರ ಹಿಡಿಯುವ ಹುಡುಗನಿಗೆ ಕಾಣಲಿ ಎಂದು ತುದಿಗೆ ಗೊಬ್ಬರ ಗೋಣಿಯ ಬಿಳಿ ತುಂಡು ಕಟ್ಟಿದ್ದಾರೆ. ದೂರದಿಂದ ನೋಡಿದರೆ ಯಾರದೋ ಸಮಾಧಿಯ ಹಾಗಿದೆ. ಹೇಳಲಿಲ್ಲ.

ಅಮ್ಮನಿಗೆ ಮತ್ತೆ ಫೋನ್ ಮಾಡಿದೆ. ಈ ಸಲ ಏನು ಮಾಡುತ್ತಿದ್ದೆ ಎಂದು ಕೇಳಲಿಲ್ಲ. ದೀಪಾವಳಿಯ ಹೊತ್ತಿಗೆ ಅಂಗಳದ ಬದಿಯ ಹುಲ್ಲು ಕೊಯ್ಯುತ್ತಿದ್ದೆಯಾ ಎಂದು ಕೇಳಿದೆ.

"ಕೊಯ್ಯದೆ? ದಿನಾ ಕೊಯ್ಯುತ್ತಿದ್ದೆ, ದನಕ್ಕೆ ಹಾಕಬೇಕಲ್ಲ."

"ಮೇ ಹೂವಿನ ಎಲೆ?"

"ಅದನ್ನು ಯಾಕೆ ಕೊಯ್ಯುವುದು? ಅದನ್ನು ದನ ತಿನ್ನುವುದಿಲ್ಲ."